ಅಂಟಿಸಿದ ಮುಚ್ಚಳ

ನಮ್ಮ ಮನೆಯ ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿಗಳಿಗಿಂತ ಟ್ಯಾಂಕುಗಳೇ ಹೆಚ್ಚು ಎಂದರೆ ನೀವು ನಗಬಹುದು. ನೀರಿನ ಟ್ಯಾಂಕಲ್ಲ, ಯುದ್ಧದ ಟ್ಯಾಂಕು. ನಮ್ಮ ಮನೆಯವರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾಗ ಸಂಬಳದಲ್ಲಿ ಉಳಿಸಿ ಉಳಿಸಿ ಕೊಂಡು ತಂದ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಗಳು ಅವು. ನನಗೆ ಆಗ ಒಂದು ಬೆಳ್ಳಿಯ ಕುಂಕುಮದ ಬಟ್ಟಲು ಬೇಕಿತ್ತು. "ಮುಂದಿನ ತಿಂಗಳು ನೋಡೂಣು" ಎನ್ನುತ್ತಿದ್ದವರು ಮುಂದಿನ ತಿಂಗಳು ಇನ್ನೊಂದು ಪೆಟ್ಟಿಗೆ ತರುತ್ತಿದ್ದರು. ಅದನ್ನಾದರೂ ಬಿಚ್ಚಿದರೇ? ಇಲ್ಲ. "ರಿಟೈರ್ ಆದಮ್ಯಾಲ ಕುಂತು ಜೋಡಸ್ತೀನಿ" ಎಂದು ಎತ್ತಿಟ್ಟರು.

ರಿಟೈರ್ ಆಗಿ ಗೊಟಗೋಡಿಗೆ ಬಂದೆವು. ಹೊತ್ತು ಸಿಕ್ಕಿತು, ಆದರೆ ಅಷ್ಟರಲ್ಲಿ ಕಣ್ಣು ಹೋಗಿತ್ತು. ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳಿಗೆ ಮಂಜು ಕವಿಸಿತು, ಕೈಯೂ ನಡುಗತೊಡಗಿತು. ಒಂದು ಮಧ್ಯಾಹ್ನ ಅವರು ಒಂದು ಪೆಟ್ಟಿಗೆ ಇಳಿಸಿಕೊಂಡು, ಮುಚ್ಚಳ ತೆರೆದು, ಸುಮ್ಮನೆ ಕೈಯಾಡಿಸುತ್ತ ಕುಳಿತಿದ್ದನ್ನು ಕಂಡೆ. ಬೈಯಬೇಕೆಂದು ಹೋದವಳು, "ಕೊಡ್ರಿ ಇಲ್ಲೆ, ನಾ ಜೋಡಸ್ತೀನಿ" ಎಂದುಬಿಟ್ಟೆ.

ಅದು ಜಪಾನಿನ ತಮಿಯಾ ಕಂಪನಿಯ ಪ್ಯಾಟನ್ ಟ್ಯಾಂಕು. 1:35 ಅಳತೆ, ಅಂದರೆ ನಿಜವಾದದ್ದರ ಮೂವತ್ತೈದರಲ್ಲಿ ಒಂದು ಪಾಲು. ಈ ವಿಚಿತ್ರ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದೆ. 1960ರ ದಶಕದ ಆರಂಭದಲ್ಲಿ ಆ ಕಂಪನಿ ತನ್ನ ಮೊದಲ ಪ್ಲಾಸ್ಟಿಕ್ ಟ್ಯಾಂಕನ್ನು ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಕೂಡುವಷ್ಟು ಅಗಲ ಇಟ್ಟರಂತೆ. ಆಮೇಲೆ ಅಳೆದು ನೋಡಿದರೆ 1:35 ಆಗಿತ್ತು, ಅದೇ ಮುಂದೆ ಲೋಕಕ್ಕೆಲ್ಲ ಅಳತೆಯಾಯಿತು. ಅಕ್ಕಿ ಹಿಡಿಯುವಷ್ಟು ಡಬ್ಬಿ ಕೊಂಡು ಆಮೇಲೆ ಅದನ್ನೇ ಸೇರು ಮಾಡಿಕೊಂಡ ಹಾಗೆ!

ಹೆದ್ದಾರಿಯಲ್ಲಿ ಹೋಗುವವರು ನಮ್ಮೂರನ್ನು ಗುರುತಿಸುವುದು ಉತ್ಸವ ರಾಕ್ ಗಾರ್ಡನ್ನಿನಿಂದ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಆ ತೋಟದಲ್ಲಿ ಹಳ್ಳಿಯ ಮಂದಿ ಆಳೆತ್ತರ ನಿಂತು ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ. ನಮ್ಮ ಊಟದ ಮೇಜಿನ ಮೇಲೆ ಮಾತ್ರ ಐದೂವರೆ ಅಡಿಯ ಸಿಪಾಯಿ 5 ಸೆಂಟಿಮೀಟರಿಗೂ ಕಡಿಮೆ.

ಕೆಲಸ ನನಗೆ ಹೊಸದೆನಿಸಲಿಲ್ಲ. ಸೂಚನೆಯ ಹಾಳೆಯಲ್ಲಿ ಚಿತ್ರ, ಅಂಕಿಗಳೇ ಹೆಚ್ಚು. ರಂಗೋಲಿ ಪುಸ್ತಕ ನೋಡಿ ಚುಕ್ಕೆ ಇಟ್ಟವಳಿಗೆ ಅದೇನು ಕಷ್ಟ? ಬಿಡಿಭಾಗಗಳನ್ನು ಕಡ್ಡಿಯ ಚೌಕಟ್ಟಿನಿಂದ ಕತ್ತರಿಸಿ, ಅಂಚು ಹೆರೆದು, ಪಾಲಿಶ್ ಕಾಗದದಿಂದ ಉಜ್ಜಬೇಕು. ಹಳೆಯ ಪೆಟ್ಟಿಗೆಯಾದ್ದರಿಂದ ಒಂದೆರಡು ತುಂಡು ಡೊಂಕಾಗಿದ್ದವು, ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿದೆ. ಅಂಟಿಸುವ ನಂಬರಿನ ಚೀಟಿಗಳು ಹಳದಿಯಾಗಿದ್ದವು, ಕಿಟಕಿಯ ಬಿಸಿಲಿಗೆ ಕೆಲವು ದಿನ ಇಟ್ಟಾಗ ಬೆಳ್ಳಗಾದವು. ಆಂಟೆನಾ ಬೇಕೆಂದರೆ ಉಳಿದ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಮೆತ್ತಗೆ ಮಾಡಿ ಎಳೆಯುವುದು, ಥೇಟ್ ಶಾವಿಗೆಯಂತೆ. ಚೈನಿನ ತುದಿ ಕೂಡಿಸಲು ಕಾಯಿಸಿದ ಸ್ಕ್ರೂಡ್ರೈವರ್. ಇನ್ನು ಅಂಟು ಅನ್ನುವುದು ನಮ್ಮ ಗೋಂದಿನ ಹಾಗಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ. ಒಮ್ಮೆ ಕೂಡಿತೆಂದರೆ ಬಿಡಿಸುವ ಮಾತಿಲ್ಲ.

ಹದಿನೈದು ದಿನಕ್ಕೆ ಟ್ಯಾಂಕು ಎದ್ದು ನಿಂತಿತು. ಮುಂಭಾಗದಲ್ಲಿ ಡ್ರೈವರ್ ಇಳಿಯುವ ಕಂಡಿಗೆ ಒಂದು ಪುಟ್ಟ ಮುಚ್ಚಳವಿತ್ತು. ತೆರೆದಿಟ್ಟರೆ ಒಳಗಿನ ಖಾಲಿ ಕಾಣುತ್ತದೆಂದು ಮುಚ್ಚಿ ಅಂಟಿಸಿದೆ. ಮನೆಯವರು ಬೆರಳಿನಿಂದ ಸವರಿ ನೋಡಿ, "ಸಂದು ಸೈತ ಹತ್ತೂದಿಲ್ಲಲ್ಲ!" ಎಂದು ಹಿಗ್ಗಿದರು. ನಾನೂ ಹಿಗ್ಗಿದೆ.

ಆಗ ನಮ್ಮ ಮಾವನವರು ಬಂದರು. ವಯಸ್ಸು ಎಂಬತ್ತೆರಡು ದಾಟಿದೆ. 1962ರ ಚೀನಾ ಯುದ್ಧದ ಮೇಲೆ ಮಿಲಿಟರಿ ಸೇರಿ, ಸಿಕಂದರಾಬಾದಿನಲ್ಲಿ ತರಬೇತಿ ಪಡೆದು, ಕೆಟ್ಟ ಗಾಡಿಗಳನ್ನು ಎಳೆದು ತಂದು ರಿಪೇರಿ ಮಾಡುವ ಇ.ಎಂ.ಇ. ದಳದಲ್ಲಿದ್ದವರು. ಯುದ್ಧದ ಮಾತು ಅವರ ಬಾಯಿಂದ ನಾನು ಒಂದು ದಿನವೂ ಕೇಳಿರಲಿಲ್ಲ. ಬಗ್ಗಿ ನೋಡಿದರು.

"ಯವ್ವಾ, ಇದನ್ನ್ಯಾಕ ಮುಚ್ಚೀದಿ? ಒಳಗಿದ್ದಾಂವ ಹೆಂಗ ಹೊರಗ ಬರಬೇಕು?"

ನಾನು ನಕ್ಕು, "ಒಳಗ ಯಾರೂ ಇಲ್ರೀ ಮಾವಾರ" ಎಂದೆ. ಅವರು ನಗಲಿಲ್ಲ.

1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಅಸಲ್ ಉತ್ತರ್ ಎಂಬಲ್ಲಿ ನಡೆದ ಟ್ಯಾಂಕು ಕಾಳಗ ನಿಮಗೆ ಗೊತ್ತಿರಬಹುದು. ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್‌ಗಳನ್ನು ಹೊಡೆದು ಪ್ರಾಣ ಕೊಟ್ಟ ಅಬ್ದುಲ್ ಹಮೀದರಿಗೆ ಪರಮವೀರ ಚಕ್ರ ಬಂದದ್ದು ಅಲ್ಲಿಯ ಶೌರ್ಯಕ್ಕೆ. ಪಾಕಿಸ್ತಾನ 97 ಟ್ಯಾಂಕು ಕಳೆದುಕೊಂಡಿತೆಂದು ನಮ್ಮ ಕಡೆಯ ಲೆಕ್ಕ. ನಾನು ಕಟ್ಟಿದ್ದು ವಿಯೆಟ್ನಾಂ ಯುದ್ಧಕ್ಕೆ ಹೋದ ಪ್ಯಾಟನ್. ಅಲ್ಲಿಗೆ ಬಂದದ್ದು ಇದಕ್ಕಿಂತ ಹಳೆಯ ಮಾದರಿಗಳು, ಆದರೆ ನೋಟಕ್ಕೆ ಅಣ್ಣತಮ್ಮಂದಿರು. ಕಾಳಗ ಮುಗಿದ ಮೇಲೆ ಅವುಗಳನ್ನು ಎಳೆಯಲು ಹೋದವರಲ್ಲಿ ಮಾವನವರೂ ಒಬ್ಬರೆಂದು ಆ ದಿನ ಗೊತ್ತಾಯಿತು.

"ಕಬ್ಬಿನ ಹೊಲಕ್ಕ ನೀರು ಬಿಟ್ಟಿದ್ರು. ಟ್ಯಾಂಕು ರಾಡಿಯೊಳಗ ಹುಗದಿದ್ವು. ತಳದಾಗ ಪಾರಾಗಾಕ ಇನ್ನೊಂದು ಕಂಡಿ ಇರತೈತಿ, ರಾಡಿಯಾಗ ಕುಂತರ ಅದೂ ತಗಿಯೂದಿಲ್ಲ. ಮ್ಯಾಲ ತೋಪಿನ ನಳಗಿ ಬಂದು ನಿಂತಿದ್ರ ಈ ಮುಚ್ಚಳದಾಗಿಂದ ಬರೂದೂ ಕಷ್ಟ. ಒಂದನ್ನ ನಾವ ಸಬ್ಬಲಿ ಹಾಕಿ ತಗದ್ವಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರ ಕಡೆಯಾಂವ. ನನ್ನ ವಾರಿಗಿಯಾಂವ. ಕಿಸೆದಾಗ ಒಂದು ಕಾಗದ ಇತ್ತು. ಓದಾಕ ಬರಲಿಲ್ಲ, ಉರ್ದು."

ಅಷ್ಟೇ. ಎದ್ದು ಹಿತ್ತಲಕ್ಕೆ ಹೋದರು. ಇಷ್ಟು ವರ್ಷ ಅವರಿಗೆ ಊಟಕ್ಕೆ ಬಡಿಸಿದವಳು ನಾನು. ಇಂಥದೊಂದು ಮಾತು ಅವರ ಎದೆಯಲ್ಲಿದೆ ಎಂದು ಮನೆಯವರಿಗೂ ತಿಳಿದಿರಲಿಲ್ಲ.

ಮರುದಿನ ಬ್ಲೇಡು ಹಿಡಿದು ಕುಳಿತೆ. ಕರಗಿ ಕೂಡಿದ ಪ್ಲಾಸ್ಟಿಕ್ಕು ಸುಲಭಕ್ಕೆ ಬಿಡಲಿಲ್ಲ. ಎರಡು ಮಧ್ಯಾಹ್ನ ಹಿಡಿಯಿತು, ಎಡಗೈ ಹೆಬ್ಬೆರಳೂ ಕೊಯ್ದುಕೊಂಡಿತು. ಮುಚ್ಚಳದ ಅಂಚು ಹರಕು ಮುರುಕಾಯಿತು. ಹಾಗೆಯೇ ತೆರೆದ ಸ್ಥಿತಿಯಲ್ಲಿ ಅಂಟಿಸಿದೆ. ಮನೆಯವರು ಸವರಿ ನೋಡಿದರು, ಬೆರಳಿಗೆ ಒರಟು ಹತ್ತಿರಬೇಕು. ಏನೂ ಅನ್ನಲಿಲ್ಲ.

ಟ್ಯಾಂಕು ಈಗ ಪಡಸಾಲೆಯ ಕಪಾಟಿನ ಮೇಲಿದೆ. ಧೂಳು ಒರೆಸುವಾಗ ಪ್ರತಿದಿನ ತೋಪಿನ ನಳಿಕೆಯನ್ನು ನೇರ ಮಾಡಿ ಇಡುತ್ತಿದ್ದೆ, ನೋಡಲು ಚೆಂದವೆಂದು. ಮರುದಿನ ಬೆಳಿಗ್ಗೆ ಅದು ಪಕ್ಕಕ್ಕೆ ತಿರುಗಿರುತ್ತಿತ್ತು. ಮೊಮ್ಮಕ್ಕಳ ಕೆಲಸವೆಂದುಕೊಂಡೆ. ಅವರು ರಜೆ ಮುಗಿಸಿ ಹುಬ್ಬಳ್ಳಿಗೆ ಹೋದ ಮೇಲೂ ತಿರುಗುತ್ತಲೇ ಇತ್ತು. ಈಗ ನಾನೂ ಅದನ್ನು ನೇರ ಮಾಡುವುದಿಲ್ಲ. ಪಕ್ಕಕ್ಕೇ ಇರಲಿ ಎಂದು ಸುತ್ತ ಒರೆಸಿ ಬಿಡುತ್ತೇನೆ.