ಕೂಲಿ ಬಿದ್ದ ಸುದ್ದಿ

ಕಾಸರಗೋಡಿನ ಒಳನಾಡಿನ ಆ ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿಯ ವಾರ ಸೋಮವಾರದ ಸುದ್ದಿಯಿಂದ ಆರಂಭವಾಗುತ್ತದೆ. ಹಾಜರಿ ಕರೆದಾದ ಮೇಲೆ ಮಕ್ಕಳು ನೆಲದಲ್ಲಿ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ಶನಿವಾರ, ಆದಿತ್ಯವಾರ ಮನೆಯಲ್ಲಿ ನಡೆದುದನ್ನು ಒಬ್ಬೊಬ್ಬರಾಗಿ ಹೇಳಬೇಕು. ದನ ಕರು ಹಾಕಿದ್ದು, ಮಾವ ಗಲ್ಫಿನಿಂದ ಬಂದದ್ದು, ಅಡಿಕೆ ಒಣಹಾಕಿದ ಅಂಗಳಕ್ಕೆ ಮಳೆ ಸುರಿದದ್ದು, ಯಾವುದೂ ಸಣ್ಣ ಸುದ್ದಿಯಲ್ಲ. ಟೀಚರ್ ಎಲ್ಲವನ್ನೂ ಕೇಳಿ, ಅವುಗಳಲ್ಲಿ ಐದನ್ನು ಕರಿಹಲಗೆಯ ಮೇಲೆ ಒಂದೊಂದು ವಾಕ್ಯವಾಗಿ ಬರೆಯುತ್ತಾರೆ. ಆ ಐದು ವಾಕ್ಯಗಳೇ ಆ ವಾರದ ಓದು. ತನ್ನ ಮಾತು ಹಲಗೆಯ ಮೇಲೆ ಅಕ್ಷರವಾಗಿ ನಿಂತದ್ದನ್ನು ಕಂಡ ಮಗು ಅದನ್ನು ಓದದೆ ಬಿಡುವುದಿಲ್ಲ.

ಮಗು ಹೇಳುವುದು ಒಂದು ಭಾಷೆಯಲ್ಲಿ, ಟೀಚರ್ ಬರೆಯುವುದು ಇನ್ನೊಂದರಲ್ಲಿ. ಹನ್ನೊಂದು ಮಕ್ಕಳ ಆ ತರಗತಿಯಲ್ಲಿ ಆರು ಮಂದಿಯ ಮನೆಮಾತು ತುಳು, ಮೂವರದು ಹವ್ಯಕ ಕನ್ನಡ, ಒಬ್ಬಳದು ಮರಾಠಿ, ಒಬ್ಬ ಹುಡುಗನ ತಾಯಿ ಮಲಯಾಳದವರು. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯಲ್ಲಿಯೂ ಇಲ್ಲ. ಆದರೂ ಅಜ್ಜನ ಕಾಲದಿಂದ ಈ ಮನೆಗಳು ಶಾಲೆಗಾಗಿ ಆರಿಸಿಕೊಂಡು ಬಂದ ಭಾಷೆ ಕನ್ನಡವೇ.

ಮಳೆಗಾಲದ ಒಂದು ಸೋಮವಾರ ತುಳು ಮನೆಯ ಹುಡುಗಿಯೊಬ್ಬಳು ಎದ್ದುನಿಂತು, "ಟೀಚರ್, ಎನ್ನ ಕೂಲಿ ಬೂರ್ಂಡ್" ಎಂದಳು. ತುಳುವಿನಲ್ಲಿ ಕೂಲಿ ಎಂದರೆ ಹಲ್ಲು. ಕನ್ನಡದಲ್ಲಿ ಅದು ದುಡಿದವನ ಸಂಬಳ, ಮಲಯಾಳದಲ್ಲಿಯೂ ಅದೇ. ಆ ವಾರ ಟೀಚರ್ ರಜೆಯಲ್ಲಿದ್ದರು. ಅವರ ಸ್ಥಾನಕ್ಕೆ ತಾತ್ಕಾಲಿಕವಾಗಿ ಬಂದವರಿಗೆ ಮಲಯಾಳವಲ್ಲದೆ ಬೇರೆ ಭಾಷೆ ತಿಳಿಯದು. ಯಾರ ಕೂಲಿ, ಅಪ್ಪನದೇ ಎಂದು ಅವರು ಮಲಯಾಳದಲ್ಲಿ ಕೇಳಿದರು. ಹುಡುಗಿ ಬಾಯಿ ತೆರೆದು ತೋರಿಸಬಹುದಿತ್ತು, ತೋರಿಸಲಿಲ್ಲ, ಕುಳಿತುಬಿಟ್ಟಳು. ಮೂರು ವಾರ ಸೋಮವಾರದ ಸುದ್ದಿ ನಡೆಯಲಿಲ್ಲ. ಮಕ್ಕಳು ಪುಸ್ತಕ ನೋಡಿ ಅಕ್ಷರಗಳನ್ನು ನಕಲು ಮಾಡಿದರು. ಬರಹವೇನೋ ಅಂದವಾಗಿಯೇ ಇತ್ತು.

ಬಂದವರನ್ನು ದೂರುವುದು ನ್ಯಾಯವಲ್ಲ. ತಿಳಿಯದ ಭಾಷೆಯ ಆರು ವರ್ಷದ ಮಕ್ಕಳ ನಡುವೆ ಅವರೂ ಕಷ್ಟಪಟ್ಟರು. ತಪ್ಪು, ಅವರನ್ನು ಅಲ್ಲಿಗೆ ಕಳುಹಿಸಿದ ಲೆಕ್ಕಾಚಾರದ್ದು. ಆ ಲೆಕ್ಕದಲ್ಲಿ ಹುದ್ದೆ ಭರ್ತಿಯಾದರೆ ಸಾಕು.

ಮಂಗಳವಾರ ಎಣಿಕೆ. ಹಿಡಿಸೂಡಿಯ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟುವುದು, ಮಂಜೊಟ್ಟಿ ಬೀಜಗಳನ್ನು ಗೆರಟೆಗೆ ತುಂಬುವುದು. ಬುಧವಾರ ಶಾಲೆಯ ಹಿತ್ತಲಲ್ಲಿ ಸುತ್ತಾಟ. ಶುಕ್ರವಾರ ಐದು ವಾಕ್ಯಗಳನ್ನೂ ಚಿತ್ರಗಳನ್ನೂ ಸೇರಿಸಿ ಹೊಲಿದ ಪುಟ್ಟ ಪುಸ್ತಕ ಮನೆಗೆ ಹೋಗುತ್ತದೆ. ಅಜ್ಜಿಯಂದಿರು ಕೇಳಬೇಕು, ಮಕ್ಕಳು ಓದಬೇಕು. ಗುರುವಾರದ ಕೆಲಸ ಮಾತ್ರ ಈ ಟೀಚರರದೇ ಕಲ್ಪನೆ. ಅದು ಹುಟ್ಟಿದ್ದು ಇದೇ ಹಲ್ಲಿನಿಂದ.

ರಜೆ ಮುಗಿಸಿ ಟೀಚರ್ ಮರಳಿದ ಸೋಮವಾರ ಹುಡುಗಿ ಅದೇ ಹಳೆಯ ಸುದ್ದಿಯನ್ನು ಮತ್ತೆ ಹೇಳಿದಳು. ಅಷ್ಟರಲ್ಲಿ ಹೊಸ ಹಲ್ಲಿನ ತುದಿ ಕಾಣತೊಡಗಿತ್ತು. ಟೀಚರ್ "ನನ್ನ ಹಲ್ಲು ಬಿತ್ತು" ಎಂದು ಬರೆದರು. ಮಲಯಾಳದ ತಾಯಿಯ ಮಗ, ತನ್ನ ಮನೆಯಲ್ಲಿ ಅದು 'ಪಲ್ಲ್' ಎಂದ. ಗುರುವಾರ ಅದನ್ನೇ ಹಿಡಿದು ಟೀಚರ್ ಇಂಥ ಮಾತುಗಳ ಪಟ್ಟಿ ಮಾಡೋಣವೆಂದಾಗ ಅವನು ಬಿದ್ದು ಬಿದ್ದು ನಕ್ಕ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನಗು ಮುಗಿದ ಮೇಲೆ ಪಟ್ಟಿ ಬೆಳೆಯಿತು. ಪಲ್ಲ್ ಹಲ್ಲಾಯಿತು. ತುಳು ಮಕ್ಕಳ ಪೂ ಹೂವಾಯಿತು, ಪಿಲಿ ಹುಲಿಯಾಯಿತು, ಇಬ್ಬರ ಮನೆಯ ಪತ್ತೂ ಹತ್ತಾಯಿತು. 'ಪ' ಇದ್ದಲ್ಲಿ 'ಹ' ಹಾಕಿದರೆ ಕನ್ನಡವಾಗುತ್ತದೆ ಎಂಬ ಸೂತ್ರವನ್ನು ಮಕ್ಕಳೇ ಕಂಡುಕೊಂಡರು. ಒಬ್ಬ ಕೂಡಲೇ ಪುಚ್ಚೆಯನ್ನು 'ಹುಚ್ಚೆ' ಮಾಡಿದ. ಬೆಕ್ಕು ಸೂತ್ರಕ್ಕೆ ಸಿಗಲಿಲ್ಲ. ಅದನ್ನು ಪಟ್ಟಿಯ ಹೊರಗೆ, ಹಲಗೆಯ ಮೂಲೆಯಲ್ಲಿ, ಬಾಲ ಸಹಿತ ಬರೆದಿಡಲಾಯಿತು.

ಹತ್ತನೆಯ ಶತಮಾನದಲ್ಲಿ ಪಂಪ ಬರೆದ ಕನ್ನಡದಲ್ಲಿಯೂ ಹೂ 'ಪೂ' ಆಗಿಯೇ ಇತ್ತು, ಹುಲಿ 'ಪುಲಿ'ಯಾಗಿತ್ತು. ಕಾಲೇಜಿನ ಹಳಗನ್ನಡ ತರಗತಿಯಲ್ಲಿ ಪ್ರಯಾಸದಿಂದ ಕಲಿಯುವ ಸಂಗತಿ ಇಲ್ಲಿ ಒಂದನೆಯ ತರಗತಿಯ ನೆಲದ ಮೇಲೆ, ಬಿದ್ದ ಹಲ್ಲಿನ ನೆಪದಲ್ಲಿ, ಅರ್ಧ ಗಂಟೆಯಲ್ಲಿ ತಿಳಿದುಹೋಯಿತು. ಮೂರು ಭಾಷೆಗಳಿಗೂ ಕಿವಿಯಿದ್ದ ಒಬ್ಬರು ಅಲ್ಲಿ ಇದ್ದುದರಿಂದಲೇ ಅದು ಸಾಧ್ಯವಾಯಿತು.

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ನೀಡಲು ಸಮರ್ಪಕ ಸೌಲಭ್ಯ ಒದಗಿಸುವುದಕ್ಕೆ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುವ 350-ಎ ಅನುಚ್ಛೇದ, ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ ಜಾರಿಗೆ ಬಂದದ್ದೂ ಅದೇ ದಿನ. 'ಪ್ರಯತ್ನ' ಎಂಬ ಪದ ಎಷ್ಟು ಮೃದುವೆಂಬುದು ಓದಿದವರಿಗೆ ತಿಳಿದೀತು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮೂ ಚಟುವಟಿಕೆಯ ಮೂಲಕ ಕಲಿಕೆ ಎನ್ನುತ್ತದೆ, ಮಾತೃಭಾಷೆಯ ಮಾಧ್ಯಮ ಎನ್ನುತ್ತದೆ; ಎರಡನೆಯದಕ್ಕೆ 'ಸಾಧ್ಯವಾದ ಮಟ್ಟಿಗೆ' ಎಂಬ ಬಾಲವನ್ನೂ ಜೋಡಿಸುತ್ತದೆ. ಸೌಲಭ್ಯವೆಂದರೆ ಕಟ್ಟಡವೇ, ಕನ್ನಡ ಪಠ್ಯಪುಸ್ತಕವೇ, ಮಗುವಿನ ಮಾತು ತಿಳಿಯುವ ಅಧ್ಯಾಪಕರೇ? ಮೊದಲಿನ ಎರಡು ಆ ಶಾಲೆಯಲ್ಲಿ ಆ ಮೂರು ವಾರವೂ ಇದ್ದವು.

ಈ ಶಾಲಾ ವರ್ಷದ ಕೊನೆಗೆ ಟೀಚರ್ ನಿವೃತ್ತರಾಗುತ್ತಾರೆ. ಕನ್ನಡ ಬಲ್ಲವರನ್ನೇ ನೇಮಿಸಬೇಕೆಂದು ಕೋರುವ ಅರ್ಜಿಯನ್ನು ಹೆತ್ತವರು ಈಗಾಗಲೇ ಸಿದ್ಧಪಡಿಸಿದ್ದಾರೆ. ಅರ್ಜಿ ಕನ್ನಡದಲ್ಲಿದೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಲು 350ನೆಯ ಅನುಚ್ಛೇದ ಅವಕಾಶ ಕೊಡುತ್ತದೆ. ಮೊದಲ ಕರಡಿನ ತುಂಬ ಹಕ್ಕು, ಅಸ್ಮಿತೆ, ಅನ್ಯಾಯ ಎಂಬ ಪದಗಳೇ ಇದ್ದವು. ಸಭೆಯಲ್ಲಿ ಅದನ್ನು ಓದಿದಾಗ ಹುಡುಗಿಯ ತಂದೆ, ರಿಕ್ಷಾ ಓಡಿಸುವವರು, ಹಿಂದಿನ ಬೆಂಚಿನಿಂದ ಎದ್ದು, "ಹಲ್ಲಿನ ವಿಷಯವನ್ನೂ ಬರೆಯಿರಿ, ಅವರಿಗೆ ಅರ್ಥವಾದೀತು" ಎಂದರು. ಕೆಲವರು ನಕ್ಕರು. ಬಳಿಕ ಆ ವಿಷಯ ಎರಡನೆಯ ಪ್ಯಾರಾದಲ್ಲಿ ಸೇರಿತು: ಇಂಥ ದಿನ, ಒಂದನೆಯ ತರಗತಿಯ ವಿದ್ಯಾರ್ಥಿನಿ ತನ್ನ ಹಲ್ಲು ಬಿದ್ದಿತೆಂದು ತಿಳಿಸಿದಾಗ ತರಗತಿಯಲ್ಲಿ ಅದು ಯಾರಿಗೂ ಬರೆಯಲಾಗಲಿಲ್ಲ.