ಕೈ ಬಿಡುವ ವಿದ್ಯೆ

ಪರೀಕ್ಷಕರು ಕನ್ನಡಕ ತೆಗೆದು ನನ್ನ ಫೈಲಿನ ಮೇಲಿಟ್ಟರು. "ಎಲ್ಲಿ, ಒಂದ್ಸಲ ಅಂಗಿ ಗುಂಡಿ ಹಾಕಿಸಿ, ನೋಡೋಣ" ಎಂದರು.

ಪುಟ್ಟ ಎದುರಿಗೇ ನಿಂತಿದ್ದ. ಅದು ಅವನ ಹೆಸರಲ್ಲ, ಇಲ್ಲಿ ಹಾಗೆ ಕರೆಯುತ್ತೇನೆ. ಹನ್ನೊಂದು ವರ್ಷದ ಹುಡುಗ, ಬುದ್ಧಿಶಕ್ತಿಯ ಬೆಳವಣಿಗೆ ನಿಧಾನ. "ಗುಂಡಿ ಹಾಕ್ಕೋ ಪುಟ್ಟ" ಎಂದೆ. ಅವನು ನಕ್ಕು ಎರಡೂ ಕೈ ಮುಂದೆ ಚಾಚಿದ. ಮತ್ತೊಮ್ಮೆ ಹೇಳಿದೆ. ಕೈಗಳನ್ನು ಇನ್ನಷ್ಟು ಹತ್ತಿರ ತಂದ. ನಾನು ಬಂದು ಹಿಡಿದುಕೊಳ್ಳಲಿ ಎಂದು ಕಾಯುತ್ತಿದ್ದ.

ಫೈಲಿನ ಪ್ರಕಾರ ಅವನು ಆರು ವಾರದ ಹಿಂದೆಯೇ ತಾನಾಗಿ ಗುಂಡಿ ಹಾಕಿಕೊಂಡಾಗಿತ್ತು.

ನನ್ನದು ಭದ್ರಾವತಿ. ಅಪ್ಪ ಎಂ.ಪಿ.ಎಂ. ಕಾಗದ ಕಾರ್ಖಾನೆಯಲ್ಲಿ ನೌಕರರಾಗಿದ್ದರು. ನಾನು ಹುಟ್ಟಿ ಬೆಳೆದದ್ದು ಪೇಪರ್ ಟೌನಿನಲ್ಲಿ. ಕಾಗದದ ಊರಿನವಳಿಗೆ ಕಾಗದದ ಮೇಲೆ ನಂಬಿಕೆ ಹೆಚ್ಚು ಅಂತ ಈಗ ನನ್ನನ್ನು ನಾನೇ ಗೇಲಿ ಮಾಡಿಕೊಳ್ಳುತ್ತೇನೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮುಗಿಸಿ ಎರಡು ವರ್ಷ ಕೆಲಸ ಹುಡುಕಿದೆ. ವಿಶೇಷ ಬಿ.ಎಡ್. ಮಾಡಿದವರು ಕಡಿಮೆ, ಬೇಗ ಕೆಲಸ ಆಗುತ್ತದೆ ಎಂದು ಯಾರೋ ಹೇಳಿದರು. ಸೇರಿದೆ. ಸೇವೆ ಗೀವೆ ಏನೂ ತಲೆಯಲ್ಲಿರಲಿಲ್ಲ.

ಪಾಠದಲ್ಲಿ ನಾನು ಹುಷಾರು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ ಅವು 21 ಆದವು. ಆ ಇಪ್ಪತ್ತೊಂದನ್ನೂ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ 1992ರದ್ದು, ಅಲ್ಲಿ ನೋಂದಣಿ ಆಗದವರು ವಿಶೇಷ ಶಿಕ್ಷಕರಾಗುವಂತಿಲ್ಲ ಎನ್ನುವುದೂ ಬಾಯಿಪಾಠ. ತರಗತಿಯಲ್ಲಿ ಮೊದಲ ಸ್ಥಾನ.

ಆಮೇಲೆ ಬಂತು ಪ್ರಾಯೋಗಿಕ ತರಬೇತಿ. ಶಿವಮೊಗ್ಗದ ಒಂದು ವಿಶೇಷ ಶಾಲೆಗೆ ಹಾಕಿದರು. ದಿನಾ ಬೆಳಿಗ್ಗೆ ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿದರೆ ಇಪ್ಪತ್ತು ಕಿಲೋಮೀಟರಿನ ದಾರಿ. ಪುಟ್ಟನೂ ಅವನ ಅಮ್ಮನೂ ಅದೇ ಬಸ್ಸಿಗೆ ಬರುತ್ತಿದ್ದರು. ಆಯಮ್ಮ ಟೈಲರ್ ಅಂಗಡಿಗಳಿಂದ ಅಂಗಿ ತಂದು ಮನೆಯಲ್ಲಿ ಕಾಜ ಹೊಲಿದುಕೊಡುವವರು. ಮಗ ಶಾಲೆಯಲ್ಲಿರುವಷ್ಟು ಹೊತ್ತೂ ಹೊರಗಿನ ಕಟ್ಟೆಯ ಮೇಲೆ ಕೂತು ಸೂಜಿ ಆಡಿಸುತ್ತಿದ್ದರು.

ಒಬ್ಬೊಬ್ಬ ಪ್ರಶಿಕ್ಷಣಾರ್ಥಿಗೆ ಒಂದೊಂದು ಮಗು. ಅದಕ್ಕೆಂದೇ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯಬೇಕು. ಬುದ್ಧಿಮಾಂದ್ಯರಿಗಾಗಿ 1984ರಲ್ಲಿ ಸಿಕಂದರಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ ಇದಕ್ಕೊಂದು ತಪಶೀಲು ಪಟ್ಟಿ ಮಾಡಿಕೊಟ್ಟಿದೆ. ಊಟ, ಸ್ನಾನ, ಬಟ್ಟೆ, ಮಾತು, ಲೆಕ್ಕ, ಒಂದೊಂದರ ಎದುರಿಗೂ ಗುರುತು ಹಾಕಬೇಕು. ಮಗು ತಾನಾಗಿ ಮಾಡಿದರೆ ಪ್ಲಸ್. ಆಗಾಗ ಸುಳಿವು ಕೊಟ್ಟರೆ ಸಾಕಾದರೆ 'ಸಿ'. ಬಾಯಲ್ಲಿ ಹೇಳಿಕೊಟ್ಟರೆ 'ವಿಪಿ'. ಕೈ ಹಿಡಿದೇ ಮಾಡಿಸಬೇಕಾದರೆ 'ಪಿಪಿ'.

ಪುಟ್ಟನ ಗುಂಡಿಯ ಎದುರು ಮೂರು ವಾರ 'ಪಿಪಿ' ಎಂದೇ ಬರೆದೆ. ಪಕ್ಕದವಳ ಮಗು ಆಗಲೇ 'ವಿಪಿ'ಗೆ ಬಂದಿತ್ತು. ನನಗೆ ಹೊಟ್ಟೆಯೊಳಗೆ ಕಸಿವಿಸಿ. ಅವನ ಹಿಂದೆ ನಿಂತು, ಅವನ ಬೆರಳಿನ ಮೇಲೆ ನನ್ನ ಬೆರಳಿಟ್ಟು ದಿನಕ್ಕೆ ಹತ್ತು ಸಲ ಗುಂಡಿ ಹಾಕಿಸುತ್ತಿದ್ದೆ. ಅವನ ಬೆರಳು ಸುಮ್ಮನೆ ಜೊತೆಗೆ ಬರುತ್ತಿದ್ದವು, ಕೆಲಸವೆಲ್ಲ ನನ್ನದು. ಕೈ ತೆಗೆದು ಸುಮ್ಮನೆ ನಿಂತರೆ ಅವನು ಗುಂಡಿ ಹಿಡಿಯುತ್ತಿದ್ದ, ತಿರುಗಿಸುತ್ತಿದ್ದ, ಜಾರಿಸಿಕೊಳ್ಳುತ್ತಿದ್ದ. ಒಂದು ನಿಮಿಷ, ಎರಡು ನಿಮಿಷ. ಆ ಎರಡು ನಿಮಿಷ ನನ್ನಿಂದ ತಡೆಯಲಾಗುತ್ತಿರಲಿಲ್ಲ, ಮತ್ತೆ ಕೈ ಹಾಕಿಬಿಡುತ್ತಿದ್ದೆ. ನಾಲ್ಕನೆಯ ವಾರ ಹಾಕಿದ್ದು ಪ್ಲಸ್. ಪರೀಕ್ಷೆ ಬರುವಷ್ಟರಲ್ಲಿ ಹೇಗೂ ಕಲಿಯುತ್ತಾನೆ ಬಿಡು ಎಂದುಕೊಂಡೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವತ್ತು ಸಂಜೆ ಬಸ್ಸಿನಲ್ಲಿ ಆಯಮ್ಮನಿಗೆ, "ಈಗ ಅವನೇ ಗುಂಡಿ ಹಾಕ್ಕೋತಾನೆ ಅಕ್ಕ" ಎಂದೆ. ಅವರ ಮುಖ ಅರಳಿದ್ದು ನೋಡಿ ನನಗೂ ಅದು ನಿಜವೇ ಅನ್ನಿಸಿಬಿಟ್ಟಿತು.

ಪರೀಕ್ಷಕರು ಹೆಚ್ಚು ಮಾತಾಡಲಿಲ್ಲ. "ಫೈಲು ಚೆನ್ನಾಗಿ ಬರೆದಿದ್ದೀರಮ್ಮ. ನೀವು ಏನು ಕಲಿಸಿದ್ದೀರಿ ಅನ್ನೋದನ್ನ ಮಗುನೇ ತೋರಿಸ್ತಿದೆ" ಎಂದು ಪುಟ್ಟನ ಚಾಚಿದ ಕೈ ಕಡೆ ನೋಡಿದರು. ಪ್ರಾಯೋಗಿಕದಲ್ಲಿ ಫೇಲಾದೆ.

ಅದು ಸಣ್ಣ ಪೆಟ್ಟು. ದೊಡ್ಡದು ಬಿದ್ದದ್ದು ವಾಪಸ್ ಬರುವಾಗ ಬಸ್ಸಿನಲ್ಲಿ. ಆಯಮ್ಮನಿಗೆ ನಿಜ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಪಕ್ಕದಲ್ಲಿ ನಿದ್ದೆ ಹೋಗಿದ್ದ ಮಗನ ತಲೆ ಸವರುತ್ತಾ, "ಶಾಲೇಲಿ ಹಾಕ್ಕೋತೀಯಂತೆ, ಮನೇಲಿ ಮಾತ್ರ ಸೋಮಾರಿತನ ಮಾಡ್ತೀಯ ಅಂತ ದಿನಾ ಬಯ್ತಿದ್ದೆ ಮಿಸ್. ಎರಡು ಸಲ ಹೊಡೆದೂಬಿಟ್ಟೆ" ಎಂದರು.

ನಾನು ಹಾಕಿದ ಒಂದು ಸುಳ್ಳು ಗುರುತಿಗೆ ಏಟು ತಿಂದವನು ಅವನು.

ಬುದ್ಧಿಮಾಂದ್ಯ ಮಗುವಿನ ಬಗ್ಗೆ ಬರೆದ ದಾಖಲೆ ಮಗುವಿಗಿಂತ ಮುಂದೆ ನಡೆಯುತ್ತದೆ. ಮುಂದಿನ ಟೀಚರ್ ಅದನ್ನು ನೋಡಿಯೇ ಪಾಠ ಶುರು ಮಾಡುತ್ತಾರೆ, ಮನೆಯವರು ಅದನ್ನು ನಂಬಿಯೇ ಆಸೆ ಕಟ್ಟಿಕೊಳ್ಳುತ್ತಾರೆ. "ನನಗೆ ಇದು ಬರಲ್ಲ, ಮಿಸ್ ಸುಳ್ಳು ಬರೆದಿದ್ದಾರೆ" ಎಂದು ಮಗು ಬಾಯಿಬಿಟ್ಟು ಹೇಳುವಂತಿಲ್ಲ. ಇಪ್ಪತ್ತೊಂದು ಬಗೆಯ ಪಟ್ಟಿ ಬಾಯಿಪಾಠ ಮಾಡಿದ್ದ ನನಗೆ ಇಷ್ಟು ಹೊಳೆದಿರಲಿಲ್ಲ. ಕೆಲಸದ ಒತ್ತಡ ಎನ್ನೋಣವೆಂದರೆ, ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಅದರ ಮೇಲೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂದು ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ನನಗಿದ್ದದ್ದು ಒಬ್ಬನೇ.

ಮತ್ತೆ ಮೊದಲಿಂದ ಶುರು ಮಾಡಿದೆವು. 'ಮಾಡಿದೆವು' ಎಂದದ್ದು ಯಾಕೆಂದರೆ ದಾರಿ ತೋರಿಸಿದ್ದು ಆಯಮ್ಮನೇ. "ಹೊಸ ಅಂಗಿ ಕಾಜ ಬಿಗಿ ಇರತ್ತೆ ಮಿಸ್, ನಮಗೇ ಹಾಕಕ್ಕಾಗಲ್ಲ" ಎಂದವರು ಅವನಪ್ಪನ ಹಳೇ ಅಂಗಿ ತಂದರು. ಎಂಟಾಣೆಯಗಲದ ಕೋಟಿನ ಗುಂಡಿ ಹೊಲಿದರು, ಕಾಜವನ್ನು ಸಡಿಲವಾಗಿ ಕತ್ತರಿಸಿ ಅಂಚು ಕಟ್ಟಿದರು. ಇಷ್ಟು ದಿನ ಅವರು ಕಟ್ಟೆಯ ಮೇಲೆ ಕೂತು ಕಾಜ ಹೊಲಿಯುತ್ತಿದ್ದರೂ ಒಂದು ಮಾತು ಕೇಳಬೇಕೆಂದು ನನಗೆ ತೋಚಿರಲಿಲ್ಲ.

ನಾನು ಓದಿದ್ದನ್ನೂ ಈ ಸಲ ನೆಟ್ಟಗೆ ಮಾಡಿದೆ. ಕೊನೆಯ ಹೆಜ್ಜೆಯನ್ನು ಮೊದಲು ಕಲಿಸುವ ಕ್ರಮ ಅದು. ಗುಂಡಿಯನ್ನು ಮುಕ್ಕಾಲು ಭಾಗ ಕಾಜದೊಳಗೆ ನಾನೇ ತೂರಿಸುವುದು, ಆಚೆಯಿಂದ ಎಳೆದುಕೊಳ್ಳುವುದಷ್ಟೇ ಅವನ ಕೆಲಸ. ಕೆಲಸ ಮುಗಿಸಿದ ಖುಷಿ ಅವನ ಪಾಲಿಗೆ. ಅದು ಕೈಗೆ ಕೂತ ಮೇಲೆ ಅರ್ಧ ತೂರಿಸಿ ಬಿಡುವುದು, ಆಮೇಲೆ ಕಾಲು. ಹೊಟ್ಟೆಯ ಹತ್ತಿರದ ಗುಂಡಿ ಮೊದಲು, ಅದು ಕಣ್ಣಿಗೆ ಕಾಣುತ್ತದೆ. ಕುತ್ತಿಗೆಯದು ಕೊನೆಗೆ. ಅವನು ತಡಕಾಡುವಾಗ ನನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮನಸ್ಸಿನಲ್ಲೇ ನೂರು ಎಣಿಸುತ್ತಿದ್ದೆ. ಆ ವಿದ್ಯೆ ಕಲಿಯಲು ಅವನಿಗಿಂತ ನನಗೇ ಹೆಚ್ಚು ದಿನ ಹಿಡಿಯಿತು.

ನಮ್ಮಲ್ಲಿ ಕೈ ಬಿಟ್ಟರು ಎಂದರೆ ದ್ರೋಹ ಮಾಡಿದರು ಎಂದರ್ಥ. ಈ ವೃತ್ತಿಯಲ್ಲಿ ಹೊತ್ತು ನೋಡಿ ಕೈ ಬಿಡದವರೇ ದ್ರೋಹಿಗಳು. ಬರಲಿರುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: 'ಪಿಪಿ' ಎಂದು ಬರೆಯಲು ನಾಚಬೇಡಿ. ಮಗು ನಿಂತಿರುವ ಜಾಗ ಅದಾದರೆ ಅದನ್ನೇ ಬರೆಯಿರಿ.

ಪುಟ್ಟ ಈಗ ಕೆಳಗಿನ ನಾಲ್ಕು ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಕಾಲರಿನ ಗುಂಡಿ ಇವತ್ತಿಗೂ ಅವನಮ್ಮನೇ ಹಾಕಬೇಕು. ಫೈಲಿನಲ್ಲೂ ಹಾಗೆಂದೇ ಬರೆದಿದ್ದೇನೆ.