ಹುಬ್ಬುಗಂಟು

ಮನುಷ್ಯನು ಬಾಯಿಂದ ಆಡುವ ಮಾತು ಒಂದಾದರೆ, ಮುಖದಿಂದ ಆಡುವ ಮಾತು ಇನ್ನೊಂದು. ಮೊದಲನೆಯದಕ್ಕೆ ವ್ಯಾಕರಣವಿದೆ, ನಿಘಂಟಿದೆ. ಅರ್ಥವಾಗದಿದ್ದರೆ ಕೇಳಿ ತಿಳಿದುಕೊಳ್ಳಬಹುದು. ಎರಡನೆಯದಕ್ಕೆ ಇವಾವುವೂ ಇಲ್ಲ. ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ತಟ್ಟನೆ ನಿಂತುಹೋದ ನಗು—ಇವುಗಳ ಅರ್ಥವನ್ನು ನೋಡಿದವನೇ ಹೇಳಿಕೊಳ್ಳಬೇಕು. ಅವನ ಮನಸ್ಸಿನಲ್ಲಿ ಅಂಜಿಕೆ ಮನೆಮಾಡಿದ್ದರೆ, ಆ ಅರ್ಥವೂ ಅಂಜಿಕೆಯ ಬಣ್ಣವನ್ನೇ ತಾಳುತ್ತದೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬುದು ಗಾದೆ. ಗಾದೆಯಲ್ಲಿರುವವನು ಕಳ್ಳ. ಆದರೆ ಯಾವ ತಪ್ಪನ್ನೂ ಮಾಡದವನು ಕೂಡ ಒಮ್ಮೊಮ್ಮೆ ಹೆಗಲು ಮುಟ್ಟಿಕೊಳ್ಳುವುದುಂಟು.

ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಅಂಥ ಹುಡುಗನೊಬ್ಬನಿದ್ದ. ಓದಿನಲ್ಲಿ ಚುರುಕು, ಆದರೆ ನಾಲ್ಕು ಜನರ ಮುಂದೆ ನಿಂತರೆ ಅಂಗೈ ಬೆವರುತ್ತಿತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ಊರಿನ ಕೆರೆಯನ್ನು ಕುರಿತು ಭಾಷಣ ಮಾಡುವ ಸರದಿ ಅವನದಾಯಿತು. ಹದಿನೈದು ದಿನ ಹಿತ್ತಲಿನಲ್ಲಿ ನಿಂತು, ಕಟ್ಟಿದ್ದ ಹಸುಕರುಗಳನ್ನೇ ಸಭಿಕರೆಂದು ಭಾವಿಸಿ ಅಭ್ಯಾಸ ಮಾಡಿದ. ಆ ದಿನ ವೇದಿಕೆಯನ್ನೇರಿದಾಗ ಎದುರಿಗೆ ನೂರಾರು ಮುಖಗಳು. ಅಮ್ಮ ನಗುತ್ತಿದ್ದಳು, ಗೆಳೆಯರು ಕಣ್ಣರಳಿಸಿ ನೋಡುತ್ತಿದ್ದರು. ಅವರಾರೂ ಅವನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಎರಡನೆಯ ಸಾಲಿನ ಒಂದೇ ಒಂದು ಮುಖ. ಅಲ್ಲಿ ಕುಳಿತಿದ್ದ ವೃದ್ಧರೊಬ್ಬರು ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದುಮಾಡಿ, ಅವನನ್ನೇ ದಿಟ್ಟಿಸುತ್ತಿದ್ದರು. ಹುಡುಗ ದೃಷ್ಟಿಯನ್ನು ಬೇರೆಡೆಗೆ ಹೊರಳಿಸಿದ. ಅದು ಮತ್ತೆ ಅಲ್ಲಿಗೇ ಹೋಯಿತು. ಕೆರೆಯ ತೂಬಿನವರೆಗೆ ಬಂದಿದ್ದ ಮಾತು ಅಲ್ಲಿಯೇ ನಿಂತಿತು. ಕೈಮುಗಿದು ಕೆಳಗಿಳಿದುಬಿಟ್ಟ. ಅನಂತರ ಒಂದು ವರ್ಷ ಅವನು ಯಾವ ವೇದಿಕೆಯನ್ನೂ ಹತ್ತಲಿಲ್ಲ.

ನೂರು ಮುಖಗಳ ನಡುವೆ ಆ ಒಂದು ಮುಖವೇ ಏಕೆ ಅವನ ಕಣ್ಣನ್ನು ಹಿಡಿಯಿತು? ಈ ಪ್ರಶ್ನೆಯ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಜೀವವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಭಾವಗಳ ಅಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ. ತಾನೇ ಮಾಡಿ ನೋಡಿದ ಪರೀಕ್ಷೆಯೊಂದನ್ನು ಅದರಲ್ಲಿ ವಿವರಿಸಿದ್ದಾನೆ. ಲಂಡನ್ನಿನ ಮೃಗಾಲಯದಲ್ಲಿ ವಿಷಸರ್ಪವೊಂದರ ಗಾಜಿನ ಗೂಡಿಗೆ ಮುಖವನ್ನು ಒತ್ತಿಕೊಂಡು, ಹಾವು ಎರಗಿದರೂ ಹಿಂದೆ ಸರಿಯುವುದಿಲ್ಲವೆಂದು ಅವನು ಮನಸ್ಸಿನಲ್ಲಿ ನಿಶ್ಚಯಿಸಿದ. ಗಾಜು ದಪ್ಪವಾಗಿತ್ತು; ಅಪಾಯವೇನೂ ಇರಲಿಲ್ಲ. ಆದರೂ ಹಾವು ಎರಗಿದೊಡನೆ ಅವನು ಒಂದೆರಡು ಗಜ ಹಿಂದಕ್ಕೆ ನೆಗೆದಿದ್ದ! ಬುದ್ಧಿ ಬಾಯಿ ತೆರೆಯುವುದರೊಳಗೆ ದೇಹವು ತನ್ನ ಕೆಲಸವನ್ನು ಮುಗಿಸಿತ್ತು.

ಮಿದುಳಿನ ಆಳದಲ್ಲಿ, ಎಡಬಲಗಳೆರಡರಲ್ಲಿಯೂ, ಬಾದಾಮಿಯ ಆಕಾರದ ಒಂದು ಭಾಗವಿದೆ. ಅದಕ್ಕೆ ಅಮಿಗ್ಡಲ ಎಂದು ಹೆಸರು. ಅಪಾಯದ ಸೂಚನೆಯನ್ನು ಗುರುತಿಸಿ ದೇಹವನ್ನು ಎಚ್ಚರಿಸುವುದರಲ್ಲಿ ಅದರ ಪಾತ್ರ ಹಿರಿದು. ಎದೆಬಡಿತ ಏರುವುದು, ಅಂಗೈ ಬೆವರುವುದು ಇಂಥ ಎಚ್ಚರಿಕೆಯ ಫಲಗಳೇ. ಕಾಡಿನಲ್ಲಿ ಬಾಳಿದ ಮಾನವನಿಗೆ ಈ ಕಾವಲು ಅವಶ್ಯವಾಗಿತ್ತು. ಹಗ್ಗವನ್ನು ಹಾವೆಂದು ಬೆದರಿದವನು ಒಂದು ಕ್ಷಣ ನಗೆಪಾಟಲಾಗುತ್ತಾನೆ; ಹಾವನ್ನು ಹಗ್ಗವೆಂದು ತುಳಿದವನು ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ.

ಆತಂಕದ ಸ್ವಭಾವದವರಲ್ಲಿ ಈ ಕಾವಲುಗಾರನ ಕಿವಿ ಅತಿ ಸೂಕ್ಷ್ಮ. 1986ರಲ್ಲಿ ಕಾಲಿನ್ ಮೆಕ್ಲೌಡ್ ಮತ್ತು ಅವರ ಸಂಗಡಿಗರು ಇದನ್ನು ಅಳೆಯುವ ಜಾಣ ಉಪಾಯವೊಂದನ್ನು ಕಂಡುಕೊಂಡರು. ಪರದೆಯ ಮೇಲೆ ಎರಡು ಪದಗಳು ಕ್ಷಣಕಾಲ ಮೂಡುತ್ತವೆ. ಒಂದು ಭಯ ಹುಟ್ಟಿಸುವಂಥದು, ಇನ್ನೊಂದು ಸಾಧಾರಣವಾದುದು. ಅವು ಮಾಯವಾದ ಮೇಲೆ ಒಂದರ ಜಾಗದಲ್ಲಿ ಚಿಕ್ಕ ಚುಕ್ಕೆಯೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡೊಡನೆ ಗುಂಡಿಯನ್ನು ಒತ್ತಬೇಕು. ಆತಂಕದಿಂದ ಬಳಲುತ್ತಿದ್ದವರು, ಭಯದ ಪದವಿದ್ದ ಜಾಗದಲ್ಲಿ ಚುಕ್ಕೆ ಮೂಡಿದಾಗ ಬೇಗನೆ ಒತ್ತಿದರು. ಅವರ ಗಮನ ಆಗಲೇ ಅಲ್ಲಿಗೆ ಹೋಗಿ ಕುಳಿತಿತ್ತು! ಮುಂದೆ ಪದಗಳ ಬದಲು ಸಿಟ್ಟಿನ ಮುಖಗಳನ್ನಿರಿಸಿ ಇಂಥ ಪ್ರಯೋಗಗಳನ್ನು ನಡೆಸಲಾಯಿತು. 2007ರಲ್ಲಿ 172 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ, ಆತಂಕವುಳ್ಳವರ ಗಮನ ಬೆದರಿಕೆಯ ಕಡೆಗೆ ವಾಲುವುದು ಕಂಡುಬಂದಿತು. ಆತಂಕವಿಲ್ಲದವರಲ್ಲಿ ಆ ವಾಲಿಕೆ ಕಾಣಲಿಲ್ಲ. ವ್ಯತ್ಯಾಸವೇನೂ ಅಗಾಧವಲ್ಲ, ಅಂಜುವವರೆಲ್ಲರಲ್ಲಿಯೂ ಅದು ಒಂದೇ ಸಮನಾಗಿರುವುದೂ ಇಲ್ಲ. ಆದರೆ ಸಣ್ಣ ವಾಲಿಕೆಯೂ ದಿನದಿನವೂ ಸೇರುತ್ತ ಹೋದರೆ, ಪ್ರಪಂಚವೆಲ್ಲ ಮುನಿದ ಮುಖಗಳಿಂದಲೇ ತುಂಬಿದಂತೆ ತೋರಬಹುದಲ್ಲವೆ?

ಕಣ್ಣು ಕಂಡದ್ದು ಸುಳ್ಳಲ್ಲ. ಅದಕ್ಕೆ ಮನಸ್ಸು ಹಚ್ಚಿದ ಅರ್ಥ ಸುಳ್ಳಾಗಬಹುದು. ಹುಬ್ಬು ಗಂಟಾಗುವುದು ಕೋಪದಿಂದ ಮಾತ್ರವಲ್ಲ. ಆಳವಾಗಿ ಯೋಚಿಸುವವನ ಹುಬ್ಬೂ ಗಂಟಾಗುತ್ತದೆ, ಬಿಸಿಲಿಗೆ ಕಣ್ಣೊಡ್ಡಿದವನದೂ ಗಂಟಾಗುತ್ತದೆ. ಡಾರ್ವಿನ್ನನೂ ಈ ಗಂಟನ್ನು ಮನಸ್ಸಿಗೆ ಎದುರಾದ ತೊಡಕಿನ ಗುರುತೆಂದೇ ವಿವರಿಸಿದ್ದಾನೆ.

ವರ್ಷ ಕಳೆದ ಮೇಲೆ ಒಂದು ಸಂಜೆ, ಕೆರೆಯ ಏರಿಯ ಮೇಲೆ ಆ ವೃದ್ಧರು ಹುಡುಗನಿಗೆ ಎದುರಾದರು.

“ಏನಪ್ಪಾ, ಆ ದಿನ ಭಾಷಣವನ್ನು ಅರ್ಧಕ್ಕೇ ಏಕೆ ನಿಲ್ಲಿಸಿಬಿಟ್ಟೆ?”

ಹುಡುಗ ತಲೆತಗ್ಗಿಸಿ, “ನಿಮಗೆ ನನ್ನ ಮಾತು ಹಿಡಿಸಲಿಲ್ಲವೆಂದು ತಿಳಿದೆ, ತಾತ” ಎಂದ.

“ಅಯ್ಯೋ ಮಗು! ನನಗೆ ಕಿವಿ ಮಂದ. ನಿನ್ನ ಒಂದು ಮಾತೂ ತಪ್ಪಿಹೋಗಬಾರದೆಂದು ನಿನ್ನ ತುಟಿಯನ್ನೇ ನೋಡುತ್ತಿದ್ದೆ. ಆ ತೂಬನ್ನು ಕಟ್ಟಿದವರಲ್ಲಿ ನಮ್ಮಪ್ಪನೂ ಒಬ್ಬ. ಅವನ ಕಾಲದ ಮಾತು ಬರುತ್ತದೆಂದು ಕಾದಿದ್ದೆ, ನೀನು ಇಳಿದುಹೋದೆ.”

ಅಂದು ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ಕೇಳುತ್ತಿದ್ದವರು ಅವರೇ ಆಗಿದ್ದರು! ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ.

ಮುಂದಿನ ವಾರ್ಷಿಕೋತ್ಸವದಲ್ಲಿ ಅವನು ಮತ್ತೆ ವೇದಿಕೆಯ ಮೇಲೆ ನಿಂತ. ಅಂಗೈ ಅಂದಿನಂತೆಯೇ ಬೆವರಿತು, ಎದೆ ಅಂದಿನಂತೆಯೇ ಬಡಿದುಕೊಂಡಿತು. ಕಣ್ಣು ಅಂದಿನಂತೆಯೇ ಗಂಟಿಕ್ಕಿದ ಹುಬ್ಬೊಂದನ್ನು ಹುಡುಕಿ ಹಿಡಿಯಿತು. ಈ ಬಾರಿ ಅವನು ದೃಷ್ಟಿಯನ್ನು ಹೊರಳಿಸಲಿಲ್ಲ. ಆ ಮುಖಕ್ಕೆ ಕೇಳಿಸುವಂತೆ ದನಿಯನ್ನು ತುಸು ಏರಿಸಿ, ಕೆರೆಯ ತೂಬಿನಿಂದ ಮಾತನ್ನು ಮುಂದುವರಿಸಿದ.